ಉಲ್ಟಾ ಸುತ್ತು

ಮೇ ತಿಂಗಳ ರಾಯಚೂರು.
ತಣ್ಣೀರಿನ ಕಡೆ ತಿರುವಿದರೂ ಬಿಸಿ;
ಗೋಡೆಯೊಳಗಿನ ಮಿಕ್ಸರ್ ಮಾತ್ರ
ರಾತ್ರಿಯೆಲ್ಲ ತೊಟ್ಟಿಕ್ಕುತ್ತಿತ್ತು.

“ಟೈಲ್ಸ್ ಒಡೀಬೇಕ್ರಿ ಅಕ್ಕಾರ,” ಅಂದ ಹುಸೇನಪ್ಪ.
ನೀಲಿ ಹೂವಿನವು, ಈಗ ಪೇಟೆಯಲ್ಲಿ ಸಿಗದವು.
ಒಡಿಯಪ್ಪಾ ಅಂದೆ. ಮೂರು ಹೂ ಹೋದವು.

ಒಳಗೆ ಬೋರಿನ ಉಪ್ಪು ಮೆತ್ತಿದ ಹಿತ್ತಾಳೆ,
ಪಾನಾಕ್ಕೆ ಜಗ್ಗದು.
ನಾನು ಮೊಬೈಲ್ ಬೆಳಕು ಹಿಡಿದೆ.

ಕೊನೆಗೆ ಕಿರ್ರೆಂದು ಬಿಚ್ಚಿತು.
ಪೈಪಿನ ಬಾಯಿಗೆ ಸುತ್ತಿದ್ದ ಸೆಣಬಿನ ಎಳೆಯನ್ನು
ಉಗುರಲ್ಲಿ ಎತ್ತಿ, ಸುಮ್ಮನೆ ನೋಡಿದ.
“ಉಲ್ಟಾ ಸುತ್ತು. ನಮ್ಮಪ್ಪಂದು. ಎಡಚ ಇದ್ದ;
ಮೇಸ್ತ್ರಿ ಕಡೆ ಬೈಸಿಕೊಂತಿದ್ದ.
ಇಪ್ಪತ್ತು ವರ್ಷ, ಇಲ್ಲಿ ಒಂದ ಹನಿ ಸೋರಿಲ್ಲ ನೋಡ್ರಿ.”

ಹೊಸ ವಾಲ್ವಿಗೆ ಟೇಪು ತಂದಿದ್ದ.
ಅದನ್ನು ಜೇಬಿಗಿಟ್ಟು ಚೀಲದಲ್ಲಿ ಸೆಣಬು ಹುಡುಕಿದ.
ಯಾವ ಕಡೆಗೆ ಸುತ್ತಿದನೋ,
ನಾನು ಬೆಳಕನ್ನು ಸ್ವಲ್ಪ ಆಚೆ ಸರಿಸಿದ್ದೆ.