ಏಳು ನಿಮಿಷದ್ದು ಮೊದಲು ನೋಡು

ಮುಕ್ತಾ, ನೀನು ಕೇಳಿದ್ದೆ, ಪಾಳಿಯ ನಡುವೆ ನೋಡಲಿಕ್ಕೆ
ಹೆದರಿಕೆಯ ಸಣ್ಣ ಚಿತ್ರ ಇದ್ದರೆ ಹೇಳು ಅಂತ.
ದೆವ್ವದ್ದು ಬೇಡ, ನಗು ಬರುತ್ತದೆ ಅಂತ.
ಸರಿ. ನನ್ನ ಹತ್ತಿರವೂ ದೆವ್ವಗಳಿಲ್ಲ.
ನಮ್ಮ ಎಕ್ಸ್-ರೇ ಕೋಣೆಗೆ ಇಲ್ಲಿಯವರೆಗೆ
ಮೂಳೆ ಇಲ್ಲದವರು ಯಾರೂ ಬಂದಿಲ್ಲ.

ಏಳು ನಿಮಿಷದ್ದು ಮೊದಲು ನೋಡು.
ಒಬ್ಬ ಮುದುಕ, ಮಾಳಿಗೆಗೆ ಬಾಡಿಗೆ ಬಂದ ಹುಡುಗಿ, ಒಂದು ಮೆಟ್ಟಿಲು.
ದಿನಾ ಅವಳ ಚಪ್ಪಲಿಯನ್ನು ಅವನು ನೇರ ಮಾಡಿಡುತ್ತಾನೆ.
ಬೇರೇನೂ ಮಾಡುವುದಿಲ್ಲ.
ಐದನೇ ನಿಮಿಷಕ್ಕೆ ಚಪ್ಪಲಿಯ ಮೂತಿ
ಒಳಗಡೆಗೆ ತಿರುಗಿರುತ್ತದೆ, ಪಕ್ಕದಲ್ಲಿ ಇನ್ನೊಂದು ಜೊತೆ.
ಅವತ್ತು ಬೆಳಗ್ಗೆ ಕೋಡಿಬಾಗದ ನನ್ನ ರೂಮಿಗೆ ಬಂದು
ಚಪ್ಪಲಿ ಒಳಗೇ ಇಟ್ಟುಕೊಂಡೆ,
ಅಕ್ಕಿ ಡಬ್ಬದ ಪಕ್ಕ.

ಹನ್ನೊಂದು ನಿಮಿಷದ್ದು ಊಟ ಮಾಡುತ್ತ ನೋಡಬೇಡ.
ಬೋಟಿನಲ್ಲಿ ಮೂವರು. ಬಲೆ ಎಳೆದಾಗಿದೆ.
ಮೂರನೆಯವನ ತಮಾಷೆಗೆ ಉಳಿದಿಬ್ಬರು
ನಗುವುದನ್ನು ನಿಲ್ಲಿಸುತ್ತಾರೆ. ಯಾಕೆಂದು ಚಿತ್ರ ಹೇಳುವುದಿಲ್ಲ.
ತೆಗೆದವರು ಯಾವ ದೇಶದವರೋ. ನೀರು ಮಾತ್ರ
ನಮ್ಮ ಬೈತಖೋಲದ್ದೇ, ಡೀಸೆಲ್ಲಿನ ಬಣ್ಣ ಹೊದ್ದುಕೊಂಡು
ನನ್ನನ್ನು ಸಾಕ್ಷಿಗೆ ಕರೆಯಬೇಡಿ ಎಂದು ಅಲ್ಲಾಡುತ್ತಿತ್ತು.
ವಾರ್ಡಿನ ಗಣಪು ಗುನಗಾ ನನ್ನ ಹೆಗಲ ಮೇಲಿಂದ ಇಣುಕಿ
"ಇದರಲ್ಲಿ ಎಂತ ಹೆದರಿಕೆ? ರಕ್ತವೇ ಇಲ್ಲವಲ್ಲ" ಅಂದ.
ಆಮೇಲೆ ಎರಡು ದಿನ, ಮೀನಿಗೆ ಹೋದ ತಮ್ಮನಿಗೆ
ಸುಮ್ಮಸುಮ್ಮನೆ ಫೋನ್ ಮಾಡುತ್ತಿದ್ದ.

ಹತ್ತೊಂಬತ್ತು ನಿಮಿಷದ್ದು ಇನ್ನೊಂದಿದೆ. ಹೇಳಲೋ ಬೇಡವೋ.
ನಾನೇ ಪೂರ್ತಿ ನೋಡಿಲ್ಲ.
ಅಡಿಗೆಮನೆ. ಗಂಡ ಈರುಳ್ಳಿ ಹೆಚ್ಚುತ್ತಿದ್ದಾನೆ,
ಸಣ್ಣಗೆ, ಇನ್ನೂ ಸಣ್ಣಗೆ.
ಹೆಂಡತಿ ಲೆಕ್ಕ ಒಪ್ಪಿಸುತ್ತಿದ್ದಾಳೆ,
ಯಾವ ಅಂಗಡಿ, ಯಾವ ಬಸ್ಸು, ಪಕ್ಕದ ಸೀಟಿನಲ್ಲಿ ಯಾರು.
ಪ್ರತಿ ಸಲ "ಹೌದಾ" ಅನ್ನುತ್ತಾನೆ.
ದನಿ ಏರುವುದಿಲ್ಲ. ಏರಿದ್ದರೆ ಚೆನ್ನಾಗಿತ್ತು ಅನಿಸುತ್ತದೆ.
ಒಂಬತ್ತನೇ ನಿಮಿಷಕ್ಕೆ ಚಾಕು ಕೆಳಗಿಟ್ಟು
ಕೈ ತೊಳೆದು, ಒರೆಸಿಕೊಂಡು

ಆಗ ಗಂಟೆ ಒತ್ತಿದರು. ನಿಲ್ಲಿಸಿದೆ.

ರಾತ್ರಿ ಎರಡೂ ಕಾಲು. ಸದಾಶಿವಗಡದ ಕಡೆಯವರು.
ಎಡ ಮಣಿಕಟ್ಟು, ಬೇಯಿಸಿದ ಗೆಣಸಿನ ಹಾಗೆ ಊದಿದೆ.
ಹೆಸರು ಕೇಳಿದೆ, ಅವನು ಹೇಳಿದ.
ವಯಸ್ಸು ಕೇಳಿದೆ, ಅವನು ಹೇಳಿದ.
ಗರ್ಭಿಣಿಯಾ ಎಂದು ಕೇಳಲೇಬೇಕು, ನಿಯಮ.
"ಇಲ್ಲ ಮೇಡಂ" ಅಂದ, ನಾಚಿದವನಂತೆ ನಕ್ಕ,
ಅವಳ ಜಡೆಗೆ ಅಂಟಿದ್ದ ಕಸವೊಂದನ್ನು
ಎರಡೇ ಬೆರಳಲ್ಲಿ ಬಿಡಿಸಿದ.
ಬಚ್ಚಲಲ್ಲಿ ಜಾರಿದಳಂತೆ.
ನನಗೂ ಚಹಾ ತರಲಾ ಎಂದು ಕೇಳಿದ. ಒಳ್ಳೆಯ ಮನುಷ್ಯ.

ಸೀಸದ ಬಾಗಿಲು ಹಾಕಿದ ಮೇಲೆ ನಾವಿಬ್ಬರೇ.
ಕೈ ಇಲ್ಲಿಡಿ ಎಂದೆ. ಉಸಿರು ಹಿಡಿಯಬೇಕಾಗಿಲ್ಲ ಎಂದೆ.
ಹಿಡಿದೇ ಇದ್ದಳು.

ಪರದೆಯ ಮೇಲೆ ಹೊಸ ಬಿರುಕು, ಅದರ ಕೆಳಗೆ
ಕೂಡಿಕೊಂಡ ಹಳೆಯದು, ಇನ್ನೂ ಕೆಳಗೆ ಇನ್ನೂ ಹಳೆಯದು,
ಕಾಳಿ ಸೇತುವೆಯ ಕಂಬಕ್ಕೆ
ಉಬ್ಬರ ಇಳಿಯುತ್ತ ಬಿಟ್ಟ ಗೆರೆಗಳು.
ಎಷ್ಟು ಬಚ್ಚಲು ಎಂದು ಕೇಳಬೇಕಿತ್ತು.
"ಯಾವ ಕಡೆ ಬಿದ್ದಿರಿ?" ಎಂದು ಕೇಳಿದೆ.
ಅವಳು ಬಾಗಿಲ ಕಡೆ ನೋಡಿದಳು,
ಉತ್ತರ ಅಲ್ಲಿ ನಿಂತಿತ್ತು,
ಗಾಜಿನ ಚೌಕದಲ್ಲಿ, ಎರಡು ಲೋಟ ಹಿಡಿದುಕೊಂಡು.

ರಿಜಿಸ್ಟರಿನಲ್ಲಿ ಬರೆದೆ: ಬಚ್ಚಲು.
ನನ್ನ ಅಕ್ಷರ ದುಂಡಗೆ, ನಿನಗೆ ಗೊತ್ತಲ್ಲ.
ಚಹಾ ಕುಡಿದೆ. ಸಕ್ಕರೆ ಸರಿಯಾಗಿತ್ತು.

ಈಗ ಐದು ಗಂಟೆ. ಐಸ್ ಹೇರಿಕೊಂಡ ಟೆಂಪೋಗಳು
ಮೀನು ಮಾರ್ಕೆಟ್ಟಿನ ಕಡೆ ಸೋರುತ್ತ ಹೋದವು.
ಮೊಬೈಲಿನಲ್ಲಿ ಚಿತ್ರ ಅಲ್ಲೇ ನಿಂತಿದೆ,
ಒರೆಸಿದ ಕೈ, ಅರ್ಧ ತಿರುಗಿದ ತಲೆ,
ಯಾವ ಬಸ್ಸೆಂದು ಹೇಳಲು ತೆರೆದ ಅವಳ ಬಾಯಿ.
ನಾನು ಒತ್ತದಿದ್ದರೆ ಅವನು ತಿರುಗಲಾರ ಎಂದು
ಬ್ಯಾಟರಿ ಮುಗಿಯಲಿ ಎಂದು ಕಾಯುತ್ತಿದ್ದೇನೆ.

ಪ್ಲಾಸ್ಟರ್ ನೋಡಲು ಹತ್ತು ದಿನ ಬಿಟ್ಟು ಬರುತ್ತಾರೆ,
ಮಂಗಳವಾರ, ಬೆಳಗಿನ ಪಾಳಿ. ನಿನ್ನದು.
ಏಳು ನಿಮಿಷದ್ದು ಅಷ್ಟರಲ್ಲಿ ನೋಡಿರು ಮುಕ್ತಾ.
ಅವನು ಚಹಾ ತಂದುಕೊಡುತ್ತಾನೆ.
ಬಾಗಿಲ ಗಾಜಿಗೆ ಏನಾದರೂ ಅಂಟಿಸು,
ಹಳೇ ಕ್ಯಾಲೆಂಡರ್ ಆದರೂ ಸರಿ,
ಆಮೇಲೆ ಕೇಳು.