ಬೈಯಲೊಂದು ಹೆಸರು

ಕಾಂಕಾಲ್ ಬಂದರಿನ ಮೇಲ್ಬೀದಿಯಲ್ಲಿ
ಹಲ್ಲಿನ ಡಾಕ್ಟರ ಬಳಿ ಹಗಲೆಲ್ಲ ಫೋನೆತ್ತುವವಳು ನಾನು,
ಅಝೆನೋರ್.
ರಾತ್ರಿ ಒಂದು ಫೋಲ್ಡರಿನ ಕಾವಲು.

ಫೋಲ್ಡರಿನ ಹೆಸರು ‘ಉಬ್ಬರ’.
ದೋಣಿಯವರು ಪುಕ್ಕಟೆ ಬಳಸುವ ನಕ್ಷೆಯ ತಂತ್ರಾಂಶದೊಳಗೆ
ಮೂಲೆಯಲ್ಲೊಂದು ಕೋಣೆ, ಹನ್ನೊಂದು ಕಡತ,
ಚಂದ್ರನ ಲೆಕ್ಕ, ಸೂರ್ಯನ ಲೆಕ್ಕ,
ಮತ್ತೆ, ಯಾರಿಗೂ ಈಗ ನೆನಪಿಲ್ಲದ ಕಾರಣಕ್ಕೆ
ಏಳರಿಂದ ಭಾಗಿಸುವ ಒಂದು ಸಾಲು.

ನನಗಿಂತ ಮುಂಚೆ ಯೋಸ್ಟ್ ಇದ್ದ, ಫ್ಲಿಸ್ಸಿಂಗೆನ್ನಿನವನು.
ಹನ್ನೆರಡು ವರ್ಷ ನೋಡಿಕೊಂಡ. ಕಣ್ಣು ಮಂಜಾಯಿತು.
ಉಳಿದವರು ಹೂಂ ಎಂದ ಮೇಲೆ
ನನ್ನ ಹೆಸರು ಬರೆದು ತನ್ನದನ್ನು ಅಳಿಸಿದ.
ಜೊತೆಗೊಂದು ಚೀಟಿ:
‘ಏಳರ ಸಾಲು ಮುಟ್ಟಬೇಡ.
ಬಂದವರಿಗೆ ವಾರದೊಳಗೆ ಉತ್ತರ ಕೊಡು, ಒಲ್ಲೆ ಅನ್ನುವುದಕ್ಕಾದರೂ.
ಎಲ್ಲಿಗಾದರೂ ಹೋಗುವಾಗ ಹೇಳಿ ಹೋಗು.’
ನೇಮಕದ ಪತ್ರವೆಂದರೆ ಅಷ್ಟೇ.
ಮುದ್ರೆಯಿಲ್ಲ, ಸಂಬಳದ ಮಾತಿಲ್ಲ.

‘ಒಲ್ಲೆ’ ಎಷ್ಟು ಕಷ್ಟ ಅಂತ ಆಮೇಲೆ ತಿಳಿಯಿತು.
ಒಬ್ಬ ತಿಂಗಳುಗಟ್ಟಲೆ ಕೂತು ಬರೆದದ್ದನ್ನು
ಇಪ್ಪತ್ತು ನಿಮಿಷದಲ್ಲಿ ಓದಿ,
ಮಂಚ ಚೆಂದವಿದೆ, ನಮ್ಮ ಬಾಗಿಲಲ್ಲಿ ತೂರುವುದಿಲ್ಲ ಎಂದು
ನೋಯದ ಹಾಗೆ ಬರೆಯಲು
ಮತ್ತೆ ನಲವತ್ತು ನಿಮಿಷ.

ಫೆಬ್ರವರಿಯಲ್ಲಿ ರಮೀರೋನ ಪ್ಯಾಚ್ ಬಂತು.
ಬಾಯಿಯಾ ಬ್ಲಾಂಕಾದ ಹುಡುಗ, ಅಚ್ಚುಕಟ್ಟಿನ ಕೈ.
ಬೇಸಿಗೆ ಗಂಟೆಯ ಲೆಕ್ಕವನ್ನು ಹೊಸದಾಗಿ ಕಟ್ಟಿದ್ದ.
ಅವನ ಪರೀಕ್ಷೆಗಳೆಲ್ಲ ಹಸಿರು.
ಹಸಿರಾಗದೆ ಏನು? ಅವನೂರಲ್ಲಿ
ಗಡಿಯಾರ ತಿರುಗಿಸುವ ರೂಢಿಯೇ ಇಲ್ಲ.
ಅದನ್ನು ಕೇಳಬೇಕಾದವಳು ನಾನು.
ನನಗೆ ನೆಗಡಿ, ರಾತ್ರಿ ಹನ್ನೊಂದೂವರೆ,
ವಾರ ತುಂಬಲು ಅರ್ಧ ಗಂಟೆ ಉಳಿದಿತ್ತು.
ಒಪ್ಪಿದೆ ಎಂದೊತ್ತಿ ಮಲಗಿದೆ.

ಮಾರ್ಚ್ ಕೊನೆಗೆ ದೇಶವೆಲ್ಲ ಗಂಟೆ ಮುಂದಿಟ್ಟಿತು.
ನನ್ನ ಉಬ್ಬರ ಮಾತ್ರ ಎರಡು ಸಲ ಮುಂದಿಟ್ಟಿತು.
ಮಂಗಳವಾರ ಅಮೇದೆ ಲೆಮಾರ್ಷಾಂ
ಇನ್ನೂ ಒಂದು ತಾಸಿದೆಯೆಂದು ಫೋನು ನೋಡಿಕೊಂಡು
ಸಿಂಪಿಯ ಚೀಲ ತಿರುವುತ್ತ ನಿಂತಿದ್ದಾನೆ.
ಹಿಂದಿನಿಂದ ಸಮುದ್ರ ಬಂತು,
ಸದ್ದಿಲ್ಲದೆ, ಹಾಲು ಉಕ್ಕಿದ ಹಾಗೆ.
ಅವನು ಸೊಂಟಮಟ್ಟದ ನೀರಲ್ಲಿ ನಡೆದು ದಡ ಸೇರಿದ.
ಟ್ರ್ಯಾಕ್ಟರ್ ಸೇರಲಿಲ್ಲ.

ಸುದ್ದಿ ನನಗೆ ಬಂದದ್ದು ಡಾಕ್ಟರ ಕುರ್ಚಿಯಿಂದಲೇ,
ಯಾರದೋ ಅರ್ಧ ಮರಗಟ್ಟಿದ ಬಾಯಲ್ಲಿ.

ಮಧ್ಯಾಹ್ನ ರಜೆ ಹಾಕಿ ಅವನ ಷೆಡ್ಡಿಗೆ ಹೋದೆ.
ಬೂಟು ತಲೆಕೆಳಗಾಗಿ ಗೂಟಕ್ಕೆ ನೇತಾಡುತ್ತಿತ್ತು.
‘ಆ ಗಂಟೆ ನನ್ನದು,’ ಅಂದೆ.
‘ಯಾವ ಗಂಟೆ?’
ಹೇಳಿದೆ. ಫೋಲ್ಡರು, ಹುಡುಗ, ನೆಗಡಿ.
ನೆಗಡಿ ಹೇಳಬಾರದಿತ್ತು.
‘ಸಂಬಳ ಯಾರು ಕೊಡ್ತಾರೆ ನಿನಗೆ?’
‘ಯಾರೂ ಇಲ್ಲ.’
‘ಸಂಬಳ ಇಲ್ದವಳನ್ನ ಬೈಯೋದಾದ್ರೂ ಹೇಗೆ?’
‘ಬೈಯಲಿಕ್ಕೆ ಅಂತಲೇ ಹೆಸರು ಬರೆದಿದೆ,’ ಅಂದೆ.
ಅವನು ಬಹಳ ಹೊತ್ತು ಚಾಕು ಒರೆಸಿದ.
ಆಮೇಲೆ ಬೈದ, ಅರ್ಧ ಗಂಟೆ,
ನನ್ನಜ್ಜಿಯ ಕಾಲದ ಮಾತುಗಳಲ್ಲಿ.

ರಾತ್ರಿ ಆ ಪ್ಯಾಚನ್ನು ಹಿಂದೆಗೆದೆ.
ಕಾರಣದ ಜಾಗದಲ್ಲಿ ಬರೆದೆ:
ಓದದೆ ಒಪ್ಪಿದ್ದು ನಾನು.
ಕಾಂಕಾಲಿನ ಗಡಿಯಾರಕ್ಕೊಂದು ಪರೀಕ್ಷೆ ಸೇರಿಸಿದೆ.
ರಮೀರೋನಿಗೆ ಎರಡೇ ಸಾಲು:
ತಪ್ಪು ನಿನ್ನ ಕೈಯದು, ಬಾಗಿಲು ತೆಗೆದ ಕೈ ನನ್ನದು.
ಇನ್ನೊಮ್ಮೆ ಕಳಿಸು.
ಒಂಬತ್ತು ದಿನ ಮೌನ. ನಾನು ಎಣಿಸಿದೆ.
ಹತ್ತನೆಯ ದಿನ ಕಳಿಸಿದ.
ಬೆಳಗ್ಗೆ ಒಮ್ಮೆ, ಊಟವಾದ ಮೇಲೊಮ್ಮೆ ಓದಿದೆ.

ಈಗ ಅಮೇದೆ ಬೀದಿಯ ಆ ಬದಿಯಿಂದಲೇ ಕೂಗುತ್ತಾನೆ,
ಯಾರದೋ ಹಳೆಯ ಟ್ರ್ಯಾಕ್ಟರ್ ಮೇಲಿಂದ:
‘ಏಯ್ ಅಝೆನೋರ್, ನಿನ್ನ ಸಮುದ್ರ
ಇವತ್ತು ನಾಲ್ಕು ನಿಮಿಷ ತಡ!’
ಗಾಳಿಯಿಂದ ಹಾಗಾಗುತ್ತದೆಂದು ನನಗೆ ಗೊತ್ತು,
ಅವನಿಗೆ ನನಗಿಂತ ಚೆನ್ನಾಗಿ ಗೊತ್ತು.
ಆದರೂ ಮೇಲೆ ಹೋಗಿ, ಕೋಟು ಬಿಚ್ಚದೆ,
ಒಮ್ಮೆ ನೋಡುತ್ತೇನೆ.