ಊದು, ರುವೇನ್

ಊದು, ಅನ್ನುತ್ತೇನೆ.
ತುಟಿ ಬಿಗಿಹಿಡಿದು ಕೊಳವೆಗೆ ಊದುತ್ತಾನೆ ರುವೇನ್,
ಹನ್ನೊಂದು ವರ್ಷ, ಮೊಣಕಾಲಲ್ಲಿ ತರಚು ಗಾಯ.
ಕೆಂಪು ಮುಳ್ಳು ನೂರ ಎಂಬತ್ತರಲ್ಲೇ ನಿಂತುಬಿಡುತ್ತದೆ,
ಕರೆಗಂಟೆ ಎಟುಕದೆ ಗೇಟಿನಾಚೆ ನಿಂತ ಮಗುವಿನ ಹಾಗೆ.

ಜೊಹಾನ್ಸ್‌ಬರ್ಗಿನ ಈ ಅಂಚಿನಲ್ಲಿ
ಬೀದಿಗಳಿಗೆಲ್ಲ ಹೂವಿನ ಹೆಸರು.
ಇವನ ಮನೆ ಲಿಲ್ಲಿ ಬೀದಿಯಲ್ಲಿ.
ಲಿಲ್ಲಿ ನಾನು ಕಂಡದ್ದು ಶವಪೆಟ್ಟಿಗೆಯ ಮೇಲೆ ಮಾತ್ರ.
ಬೀದಿ ಮುಗಿದಲ್ಲಿ ಗುಡ್ಡ:
ಅಜ್ಜಂದಿರು ನೆಲ ಬಗೆದು ಚಿನ್ನ ತೆಗೆದುಕೊಟ್ಟ ಮೇಲೆ
ಉಳಿದ ಹಳದಿ ಹಿಟ್ಟು.
ಚಿನ್ನ ಹೋಯಿತು. ಹಿಟ್ಟು ಇಲ್ಲೇ ಇದೆ.

ಮಕ್ಕಳಿಗೆ ಅದೇ ಜಾರುಬಂಡೆ.
ರಟ್ಟಿನ ಡಬ್ಬ ಬಿಚ್ಚಿ, ಮೇಲೆ ಕೂತು, ಕೇಕೆ ಹಾಕಿ ಇಳಿದರೆ
ಹುಬ್ಬು, ಹಲ್ಲು, ಕಿವಿಯ ಸುರುಳಿ ಎಲ್ಲ ಹಳದಿ.
ತಾಯಂದಿರು ಹೊಸ್ತಿಲಲ್ಲೇ ಪೊರಕೆಯಿಂದ ಝಾಡಿಸಿ
ಒಳಗೆ ಬಿಟ್ಟುಕೊಳ್ಳುತ್ತಾರೆ.
ಆಟಕ್ಕೆ ಬೇರೆ ಜಾಗ ಇಲ್ಲವೇನೋ ಎಂದರೆ
ಒಂದಿದೆ ಸಿಸ್ಟರ್, ಬೀಗ ಹಾಕಿದೆ, ಅನ್ನುತ್ತಾನೆ.

ಆಗಸ್ಟ್ ಬಂತೆಂದರೆ ಗಾಳಿಯೂ ಊದುತ್ತದೆ.
ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ.
ಒಣಹಾಕಿದ ಅಂಗಿ, ಸಕ್ಕರೆ ಡಬ್ಬಿ, ಮಲಗಿದ ಕೂಸಿನ ರೆಪ್ಪೆ,
ಪಾಠ ಹೇಳುವ ಮೇಷ್ಟರ ನಾಲಗೆ.
ಕಿಟಕಿ ಸಂದಿಗೆ ಒದ್ದೆ ಟವೆಲ್ ತುರುಕಿ
ಲೆಕ್ಕ ಮಾಡುತ್ತಾರೆ ಐದನೇ ತರಗತಿಯವರು,
ಎರಡು ಸಾಲಿಗೊಮ್ಮೆ ಪುಸ್ತಕ ಕೊಡವಿ.

ಜೂನ್ ರಜೆಯಲ್ಲಿ ಡರ್ಬನ್ನಿಗೆ ಹೋಗಿದ್ದ,
ಚಿಕ್ಕಮ್ಮ ಶಾರ್ನೆಲ್ ಮನೆಗೆ.
ಮೂರು ವಾರ. ಮೀನು ತಿಂದ, ಮರ ಹತ್ತಿದ,
ಅರ್ಧ ಹಲ್ಲು ಮುರಿದುಕೊಂಡ.
ಬಂದ ದಿನ ಊದಿದ: ಇನ್ನೂರ ಅರವತ್ತು!
ಮುಳ್ಳು ಕೆಟ್ಟಿತೆಂದು ನಾನೇ ಊದಿ ನೋಡಿದೆ.
ಕೆಟ್ಟಿರಲಿಲ್ಲ.
ಹತ್ತನೆಯ ದಿನ ಇನ್ನೂರ ಹತ್ತು.
ತಿಂಗಳು ತುಂಬುವುದರೊಳಗೆ ಅದೇ ನೂರ ಎಂಬತ್ತು,
ಎಲ್ಲಿ ಬಿಟ್ಟುಬಂದರೂ
ಮನೆಗೇ ಮರಳುವ ಬೆಕ್ಕಿನಂತೆ.

ಅವತ್ತು ಕಾರ್ಡಿನಲ್ಲಿ ತಪ್ಪು ಮಾಡಿದೆ.
ಕಾಯಿಲೆ ಎಂಬ ಖಾನೆಯಲ್ಲಿ ಬರೆದೆ: ೪೧, ಲಿಲ್ಲಿ ಬೀದಿ.
ಡಾಕ್ಟರು ಕೆಂಪು ಗೆರೆ ಎಳೆದು ವಾಪಸ್ ಕಳಿಸಿದರು.
ಕಾರ್ಡು ಇನ್ನೂ ನನ್ನ ಡ್ರಾಯರಿನಲ್ಲಿದೆ, ತಿದ್ದಿಲ್ಲ.

ಚರ್ಚಿನ ಬ್ಯಾಂಡಿನಲ್ಲಿ ಅವನು ಕೇಳಿದ್ದು ಕಹಳೆ.
ಕೊಟ್ಟದ್ದು ಡೋಲು.
ಉಸಿರು ಸಾಲದು ಕಣೋ, ಎಂದರಂತೆ ಹಿರಿಯರು,
ಪ್ರೀತಿಯಿಂದಲೇ.
ಭಾನುವಾರ ಕ್ಲಿನಿಕ್ಕಿನ ಮುಂದೆ ಮೆರವಣಿಗೆ ಹಾಯುವಾಗ
ಕಟ್ಟಕಡೆಯ ಸಾಲಿನಲ್ಲಿ ಅವನು,
ಎದೆಗಿಂತ ಅಗಲದ ಡೋಲು ಹೊತ್ತು.
ಗುಡ್ಡದ ಕಡೆ ತಿರುಗಿದಾಗ ಮಾತ್ರ
ತಾಳ ತಪ್ಪಿಸಿ ಒಂದೇಟು ಹೆಚ್ಚು ಹಾಕುತ್ತಾನೆ,
ಬೇಕೆಂದೇ.
ಚರ್ಮದ ಮೇಲಿಂದ ಹಳದಿ ಪುಡಿ ನೆಗೆಯುತ್ತದೆ,
ಮತ್ತೆ ಅಲ್ಲೇ ಕೂರುತ್ತದೆ.